ಬೈಲುಗದ್ದೆಗಳ ಬೆಳಕನ್ನು ಬರೆದಿಡುವವರಾರು?

ಒಂದು ತಾಲೂಕಿನ ಕಚೇರಿಯಲ್ಲಿ ಎಷ್ಟು ಬಗೆಯ ದಾಖಲೆಗಳಿರುತ್ತವೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಸ್ವಾನುಭವದಿಂದಲೇ ತಿಳಿದ ವಿಷಯವು. ಸರ್ವೆ ನಂಬರು, ಸೆಂಟ್ಸುಗಳ ಲೆಕ್ಕ, ಕಂದಾಯದ ದರ, ಬೆಳೆಯ ಹೆಸರು, ನೀರಿನ ಆಸರೆ, ಹಕ್ಕುದಾರನ ಹೆಸರು, ಗಡಿಕಲ್ಲುಗಳ ನಕ್ಷೆ, ಇವೆಲ್ಲವೂ ಅಲ್ಲಿ ಉಂಟು. ಒಂದು ಗೇಣು ನೆಲವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೂ ಅದರ ಗುರುತು ಕಡತದಲ್ಲಿ ಉಳಿಯುವುದು. ಆದರೆ ಅದೇ ನೆಲವು ಶ್ರಾವಣದ ಒಂದು ಬೆಳಗ್ಗೆ ನೋಡುವವನ ಕಣ್ಣಿಗೆ ಹೇಗಿತ್ತು, ನಟ್ಟಿಯಾದ ಗದ್ದೆಯ ನೀರಿನಲ್ಲಿ ಮುಗಿಲು ಹೇಗೆ ಬಿದ್ದಿತ್ತು, ತೆಂಗಿನ ಸಾಲಿನ ನೆರಳು ಯಾವ ಅಂಚಿನವರೆಗೆ ಚಾಚಿತ್ತು ಎಂಬುದನ್ನು ಯಾವ ಶ್ಯಾನುಭೋಗನೂ ಬರೆಯಲಿಲ್ಲ; ಬರೆಯುವುದಕ್ಕೆ ಆ ಪುಸ್ತಕಗಳಲ್ಲಿ ಅಂಕಣವೇ ಇಲ್ಲ. ನೆಲದ ಲೆಕ್ಕವನ್ನು ಇಷ್ಟು ಜತನದಿಂದ ಇಟ್ಟ ನಾವು ನೆಲದ ಮೇಲೆ ಬಿದ್ದ ಬೆಳಕಿನ ಲೆಕ್ಕವನ್ನು ಇಡದೆ ಹೋದೆವು.

ಈ ಮಾತು ಕೇವಲ ಕವಿಸಮಯವೆಂದು ವಾಚಕರು ಭಾವಿಸಬಾರದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲೂಕುಗಳು ಘಟ್ಟಕ್ಕೂ ಕಡಲಿಗೂ ನಡುವೆ ಇರುವ ಕಿರಿದಾದ ಪಟ್ಟಿಯಲ್ಲಿ ಒಂದರ ಪಕ್ಕದಲ್ಲೊಂದು ಇರುವುವು. ೧೯೯೭ರಲ್ಲಿ ಉಡುಪಿ ಜಿಲ್ಲೆಯು ಏರ್ಪಟ್ಟ ಮೇಲೆ, ಈಚಿನ ವರ್ಷಗಳಲ್ಲಿ ಬೈಂದೂರು ಕುಂದಾಪುರದಿಂದಲೂ ಬ್ರಹ್ಮಾವರ ಉಡುಪಿಯಿಂದಲೂ ಬೇರ್ಪಟ್ಟು ಸ್ವತಂತ್ರ ತಾಲೂಕುಗಳಾದುವು. ಆಡಳಿತದ ಗೆರೆಗಳು ಬದಲಾದುದಕ್ಕಿಂತಲೂ ಹೆಚ್ಚಿನ ವೇಗದಿಂದ ಇಲ್ಲಿಯ ನೆಲದ ಮುಖವು ಬದಲಾಗುತ್ತಿದೆ. ಈ ಮುಖವನ್ನು ಅದು ಪೂರ್ಣವಾಗಿ ಬದಲಾಗುವ ಮೊದಲೇ, ನಮ್ಮವರೇ, ನಮ್ಮ ಕಣ್ಣಿನಿಂದಲೇ, ನಿಧಾನವಾಗಿ ನೋಡಿ ಬರೆದಿಡಬೇಕು. ಅದಕ್ಕೆ ತಕ್ಕ ಉಪಕರಣವು ಹಳೆಯ ಕಾಲದ ದೊಡ್ಡ ಪೆಟ್ಟಿಗೆಯ ಕ್ಯಾಮರಾ ಎಂಬುದೇ ನಮ್ಮ ಅಭಿಪ್ರಾಯವು. ಇದನ್ನು ಸಕಾರಣವಾಗಿ ವಿವರಿಸುವುದಕ್ಕೆ ಈ ಲೇಖನದಲ್ಲಿ ಯತ್ನಿಸುವೆವು.

ಮೊದಲು ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ನೋಡೋಣ. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿಯು ಹಂಪೆಯಲ್ಲಿ, ಮೇಣ ಹಿಡಿಸಿದ ಕಾಗದದ ದೊಡ್ಡ ನೆಗೆಟಿವುಗಳ ಮೇಲೆ, ವಿಜಯನಗರದ ಅವಶೇಷಗಳ ಚಿತ್ರಗಳನ್ನು ತೆಗೆದನು. ಚಿತ್ರವನ್ನು ಹಿಗ್ಗಿಸಿ ಅಚ್ಚುಮಾಡುವ ಅನುಕೂಲವು ಆಗ ರೂಢಿಯಲ್ಲಿರಲಿಲ್ಲ; ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವು, ಅದಕ್ಕೆ ತಕ್ಕಷ್ಟು ದೊಡ್ಡ ಪೆಟ್ಟಿಗೆ. ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವನ್ನು ಚಿತ್ರದಲ್ಲಾದರೂ ನೋಡದ ಕನ್ನಡಿಗನಿಲ್ಲ. ಐವತ್ತು ರೂಪಾಯಿಯ ನೋಟಿನ ಮೇಲೂ ಅದು ಉಂಟು. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿರುವುದು. ಇಂದು ಆ ಶಿಖರವಿಲ್ಲ. ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕನು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅಲ್ಲಿಯೇ ತನ್ನ ಕ್ಯಾಮರಾವನ್ನು ನಿಲ್ಲಿಸಿ ಮತ್ತೆ ಚಿತ್ರಗಳನ್ನು ತೆಗೆದನು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ನೂರಿಪ್ಪತ್ತಕ್ಕೂ ಮಿಕ್ಕ ವರ್ಷಗಳಲ್ಲಿ ಏನು ಬಿದ್ದಿತು, ಏನು ಉಳಿಯಿತು, ಏನನ್ನು ಹೊಸದಾಗಿ ಕಟ್ಟಿದರು ಎಂಬುದು ಬರಹದ ಸಹಾಯವಿಲ್ಲದೆಯೇ ತಿಳಿಯುವುದು. ಒಂದು ಹಳೆಯ ಚಿತ್ರಕ್ಕೆ ಇಷ್ಟು ಸಾಕ್ಷಿಬಲವುಂಟು.

ಗ್ರೀನ್‌ಲಾನಿಗಿಂತಲೂ ಸ್ವಲ್ಪ ಮೊದಲು, ೧೮೫೪ರ ಡಿಸೆಂಬರಿನಲ್ಲಿ, ಲಿನಿಯಸ್ ಟ್ರೈಪ್ ಎಂಬ ಇನ್ನೊಬ್ಬ ಸೈನ್ಯಾಧಿಕಾರಿಯು ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರಗಳನ್ನು ತೆಗೆದಿದ್ದನು. ಮುಂದೆ ಅವನು ಮದರಾಸು ಸರಕಾರದ ಅಧಿಕೃತ ಛಾಯಾಗ್ರಾಹಕನೂ ಆದನು. ಈ ಮಹನೀಯರ ಶ್ರಮವನ್ನು ನಾವು ಹಳಿಯುವವರಲ್ಲ. ಆದರೆ ಅವರ ಕಣ್ಣು ಹೋದುದು ಬಹುಮಟ್ಟಿಗೆ ದೇವಾಲಯ, ಕೋಟೆ, ಪಾಳುಬಿದ್ದ ರಾಜಧಾನಿಗಳ ಕಡೆಗೆ. ಉಳುವವನ ಗದ್ದೆ, ಅಂಬಿಗನ ಕಡವು, ಹಾಡಿಯ ಅಂಚಿನ ಹುಲ್ಲುಮನೆ, ಇವು ಆ ಕಣ್ಣಿಗೆ ವಿಷಯವಾಗಲಿಲ್ಲ. ಆಳುವವನು ತನ್ನ ಕೈಗೆ ಬಂದ ನಾಡಿನಲ್ಲಿ ಏನನ್ನು ನೋಡಲು ಬಯಸುವನೋ ಅದನ್ನೇ ನೋಡುವನು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಕನ್ನಡ ಜಿಲ್ಲೆಯನ್ನು ಸುತ್ತಿ, ಬೆಳೆ, ಗೇಣಿ, ತೆರಿಗೆಗಳನ್ನು ಬಹು ಸೂಕ್ಷ್ಮವಾಗಿ ಬರೆದುಕೊಂಡನು. ಅವನ ಗ್ರಂಥವು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಿದ್ದಿತು. ಆದರೆ ಅದು ಕಂಪೆನಿಯ ಸರಕಾರಕ್ಕೆ ಒಪ್ಪಿಸಿದ ವರದಿ. ನಾಡಿನ ಮಕ್ಕಳಿಗಾಗಿ ಬರೆದುದಲ್ಲ.

ನಮ್ಮವರಲ್ಲಿ ಈ ಕೊರತೆಯನ್ನು ಬಹು ಮೊದಲೇ ಕಂಡವರು ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು. ಅವರು ೧೯೩೦ರ ಸುಮಾರಿಗೆ ಮೂಕಚಿತ್ರಗಳನ್ನು ತೆಗೆಯುವ ಸಾಹಸವನ್ನೂ ಮಾಡಿದರು. ಆ ದಶಕದಲ್ಲಿಯೇ ‘ಚಿತ್ರಮಯ ದಕ್ಷಿಣ ಕನ್ನಡ’ವೆಂಬ ಪುಸ್ತಕವನ್ನು ಹೊರತಂದರು. ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಕಡಲ ತಡಿಯ ಒಂದು ಮನೆತನದ ಮೂರು ತಲೆಮಾರುಗಳ ಜೊತೆಗೆ ಆ ಕಡಲು, ಆ ಮರಳು, ಆ ಗದ್ದೆಗಳೂ ಪಾತ್ರಗಳಾಗಿ ನಿಂತವು. ಮದರಾಸು ಪ್ರಾಂತದಲ್ಲಿದ್ದ ಈ ಜಿಲ್ಲೆಯು ೧೯೫೬ರಲ್ಲಿ ಏಕೀಕೃತ ಕನ್ನಡ ನಾಡನ್ನು ಸೇರಿತು. ನೆಲವು ನಮ್ಮದಾದ ಮೇಲೆ ನೋಟವೂ ನಮ್ಮದಾಗಬೇಕೆಂಬ ಕಾರಂತರ ಹಂಬಲವನ್ನು ಮುಂದುವರಿಸುವ ಹೊಣೆಯು ನಮ್ಮ ಮೇಲಿದೆ.

ಇನ್ನು ಉಪಕರಣದ ವಿಚಾರ. ದೊಡ್ಡ ಪೆಟ್ಟಿಗೆಯ ಕ್ಯಾಮರಾ ಎಂದರೆ ಮುಂದೆ ಮಸೂರವಿರುವ ಒಂದು ಹಲಗೆ, ಹಿಂದೆ ಮಬ್ಬುಗಾಜಿರುವ ಒಂದು ಚೌಕಟ್ಟು, ಇವೆರಡನ್ನೂ ಕೂಡಿಸುವ ತಿದಿಯಂತಹ ಮಡಿಕೆಯ ಚೀಲ, ಇವೆಲ್ಲವನ್ನೂ ಹೊರುವ ಮುಕ್ಕಾಲಿ. ನಾಲ್ಕು ಅಂಗುಲಕ್ಕೆ ಐದು ಅಂಗುಲ, ಅಥವಾ ಎಂಟಕ್ಕೆ ಹತ್ತು ಅಂಗುಲ ಅಳತೆಯ ಫಿಲ್ಮಿನ ಬಿಡಿ ಹಾಳೆಯೊಂದನ್ನು ಕತ್ತಲೆಯಲ್ಲಿ ಒಂದು ಚಪ್ಪಟೆ ಪೆಟ್ಟಿಗೆಯೊಳಗೆ ಸೇರಿಸಿಟ್ಟು, ಚಿತ್ರ ತೆಗೆಯುವಾಗ ಅದನ್ನು ಮಬ್ಬುಗಾಜಿನ ಸ್ಥಾನದಲ್ಲಿ ಕೂರಿಸುವರು. ಸಾಧಾರಣ ಸುರುಳಿ ಫಿಲ್ಮಿನ ಚಿಕ್ಕ ಕ್ಯಾಮರಾದ ಚಿತ್ರಕ್ಕಿಂತ ನಾಲ್ಕೈದು ಅಂಗುಲದ ಹಾಳೆಯು ವಿಸ್ತಾರದಲ್ಲಿ ಸುಮಾರು ೧೫ ಪಟ್ಟು ದೊಡ್ಡದು; ಎಂಟುಹತ್ತು ಅಂಗುಲದ್ದು ಸುಮಾರು ೬೦ ಪಟ್ಟು. ಆದುದರಿಂದ ದೂರದ ಹಂಚಿನ ಮಾಡಿನ ಒಂದೊಂದು ಹಂಚೂ, ಗದ್ದೆಯಂಚಿನ ಒಂದೊಂದು ಹುಲ್ಲುಗರಿಯೂ ಅದರಲ್ಲಿ ಬೇರೆಬೇರೆಯಾಗಿ ಕಾಣುವುವು.

ಛಾಯಾಗ್ರಾಹಕನು ತಲೆಯ ಮೇಲೆ ಕರಿಬಟ್ಟೆಯನ್ನು ಹೊದ್ದು ಮಬ್ಬುಗಾಜನ್ನು ನೋಡಿದಾಗ ಅವನಿಗೆ ಕಾಣುವುದು ತಲೆಕೆಳಗಾದ ಲೋಕವು. ಘಟ್ಟವು ಕೆಳಗೆ, ಗದ್ದೆಯು ಮೇಲೆ. ಬಲಗಡೆಯ ತೆಂಗು ಎಡಗಡೆಗೆ. ಮೊದಮೊದಲು ಇದು ತೊಡಕೆನಿಸಿದರೂ ಇದರಲ್ಲೊಂದು ಗುಣವುಂಟು. ತಲೆಕೆಳಗಾದ ಚಿತ್ರದಲ್ಲಿ ಮನಸ್ಸು ‘ಇದು ಮರ, ಇದು ಮನೆ’ ಎಂದು ಹೆಸರು ಹಿಡಿದು ಮುಂದಕ್ಕೆ ಓಡಲಾರದು. ಎಲ್ಲಿ ಬೆಳಕಿದೆ, ಎಲ್ಲಿ ಕತ್ತಲೆಯಿದೆ, ಯಾವುದು ಯಾವುದಕ್ಕೆ ಒತ್ತಿಕೊಂಡಿದೆ ಎಂಬುದು ಮಾತ್ರ ಮುಂದೆ ನಿಲ್ಲುವುದು. ಇನ್ನೊಂದು ಅನುಕೂಲವೂ ಉಂಟು. ಮಸೂರದ ಹಲಗೆಯನ್ನು ತುಸು ಮುಂದಕ್ಕೆ ಬಾಗಿಸಿದರೆ, ಕಾಲಬುಡದ ಪೈರಿನಿಂದ ಹಿಡಿದು ದೂರದ ಬೆಟ್ಟದವರೆಗೆ ಹರಡಿದ ನೆಲವೆಲ್ಲವೂ ಒಮ್ಮೆಗೇ ಸ್ಪಷ್ಟವಾಗಿ ಮೂಡುವುದು. ಇದರ ಗಣಿತವನ್ನು ಖಚಿತಗೊಳಿಸಿ ೧೯೦೪ರಲ್ಲಿ ಹಕ್ಕುಪತ್ರ ಪಡೆದವನು ಥಿಯೋಡರ್ ಶೈಮ್‌ಫ್ಲುಗ್ ಎಂಬ ಆಸ್ಟ್ರಿಯದ ಸೈನ್ಯಾಧಿಕಾರಿ. ಆಕಾಶದಿಂದ ತೆಗೆದ ಚಿತ್ರಗಳ ಓರೆಯನ್ನು ತಿದ್ದುವುದು ಅವನ ಉದ್ದೇಶವಾಗಿತ್ತು. ಸಮತಟ್ಟಾದ ಬೈಲುಗಳ ನಮ್ಮ ನಾಡಿಗೆ ಅವನ ಸೂತ್ರವು ಹೇಳಿ ಮಾಡಿಸಿದಂತಿದೆ.

ಯುರೋಪಿನ ಭಾಷೆಗಳಲ್ಲಿ ಈ ವಿದ್ಯೆಗಿರುವ ಹೆಸರಿಗೆ ‘ಬೆಳಕಿನ ಬರಹ’ವೆಂದು ಅರ್ಥವಾಗುವುದು. ನಾವು ಅದನ್ನು ಛಾಯಾಚಿತ್ರವೆಂದು ಕರೆದೆವು. ಛಾಯೆಯೆಂದರೆ ನೆರಳು, ಪ್ರತಿಬಿಂಬ, ಕಾಂತಿ ಎಂಬ ಅರ್ಥಗಳೂ ಆ ಶಬ್ದಕ್ಕುಂಟು. ಪುರಾಣದಲ್ಲಿ ಛಾಯಾದೇವಿಯು ಸೂರ್ಯನ ಪತ್ನಿ. ಬೆಳಕನ್ನು ನೆರಳಿನಿಂದಲೇ ಅಳೆಯಬೇಕೆಂಬ ತಿಳಿವಳಿಕೆಯು ನಮ್ಮ ಮಾತಿನೊಳಗೇ ಅಡಗಿರುವಾಗ, ಈ ವಿದ್ಯೆಯನ್ನು ಪರಕೀಯವೆಂದು ದೂರವಿಡುವುದಕ್ಕೆ ಕಾರಣವಿಲ್ಲ.

ಈಗ ನಮ್ಮ ಕರಾವಳಿಯ ಬೆಳಕನ್ನೇ ವಿಚಾರಿಸೋಣ. ಈ ಮೂರು ಊರುಗಳೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವಿನ ಅಕ್ಷಾಂಶದಲ್ಲಿರುವುವು. ಆದುದರಿಂದ ವರ್ಷಕ್ಕೆರಡು ಸಲ, ಏಪ್ರಿಲಿನ ಕೊನೆಯ ವಾರದಲ್ಲಿ ಮತ್ತು ಆಗಸ್ಟಿನ ಮಧ್ಯಭಾಗದಲ್ಲಿ, ನಡುಹಗಲಿನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುವನು. ಆಗ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಇಲ್ಲಿ ಸೂರ್ಯನು ದಿಗಂತದಿಂದ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುವುದರಿಂದ, ಹುಟ್ಟಿದ ಒಂದು ಗಂಟೆಯೊಳಗಾಗಿಯೇ ಸುಮಾರು ಹದಿನಾಲ್ಕು ಅಂಶದಷ್ಟು ಎತ್ತರಕ್ಕೆ ಬಂದುಬಿಡುವನು. ಉತ್ತರ ಯುರೋಪಿನಲ್ಲಿ ಅರ್ಧ ದಿನ ಕಾಲಹರಣ ಮಾಡಬಹುದಾದ ಓರೆಬೆಳಕು ಇಲ್ಲಿ ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಮಾತ್ರ ದೊರೆಯುವುದು. ಸಂಧ್ಯಾಕಾಲವೂ ಚಿಕ್ಕದು, ಸೂರ್ಯನು ಮುಳುಗಿದ ಇಪ್ಪತ್ತೈದು ನಿಮಿಷಗಳೊಳಗೆ ಓದುವಷ್ಟು ಬೆಳಕು ಉಳಿಯದು. ನಮ್ಮ ಬೆಳಕು ಉದಾರವಾದುದು, ಆದರೆ ಕಾಯುವುದಿಲ್ಲ. ಅದಕ್ಕಾಗಿ ನಾವೇ ಮೊದಲು ಹೋಗಿ ಕಾಯಬೇಕು.

ಋತುಗಳ ಭೇದವೂ ಸ್ವಲ್ಪವಲ್ಲ. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಸುರಿಯುವ ಈ ಸೀಮೆಯಲ್ಲಿ, ಆಷಾಢದಲ್ಲಿ ಆಕಾಶವೆಲ್ಲವೂ ಒಂದೇ ದೀಪವಾಗುವುದು. ನೆರಳಿಲ್ಲದ ಆ ಬೂದು ಬೆಳಕಿನಲ್ಲಿ ನಟ್ಟಿಯ ಹಸುರು ತಾನೇ ಬೆಳಗುತ್ತಿರುವಂತೆ ತೋರುವುದು. ಸೋಣೆ ತಿಂಗಳಲ್ಲಿ ಮೋಡವು ಹರಿದು, ಒಂದು ಬೈಲಿಗೆ ಬಿಸಿಲು, ಪಕ್ಕದ ಬೈಲಿಗೆ ಮಳೆ. ಮಳೆ ನಿಂತ ಮೇಲೆ, ತೊಳೆದ ಗಾಳಿಯಲ್ಲಿ ೧೩೪೩ ಮೀಟರು ಎತ್ತರದ ಕೊಡಚಾದ್ರಿಯ ನೆತ್ತಿಯು ದೂರದಿಂದಲೂ ಗೆರೆ ಕೊರೆದಂತೆ ಕಾಣುವುದು. ಮಾಗಿಯಲ್ಲಿ ಉದ್ದು, ಹೆಸರು, ನೆಲಗಡಲೆಗಳ ಗದ್ದೆಗಳ ಮೇಲೆ ಇಬ್ಬನಿಯು ತಗ್ಗಿನಲ್ಲಿ ನಿಂತು, ಘಟ್ಟವನ್ನು ದಾಟಿ ಬಂದ ಬಿಸಿಲು ಅದನ್ನು ಪದರಪದರವಾಗಿ ಬಿಡಿಸುವುದು. ವೈಶಾಖದಲ್ಲಿ ಕಡಲ ಉಪ್ಪಿನ ಆವಿಯಿಂದ ದಿಗಂತವೇ ಮಾಸುವುದು.

ಸ್ಥಳಗಳಿಗೆ ಬಂದರೆ, ಮೂರು ತಾಲೂಕುಗಳಲ್ಲಿಯೂ ಬೆಳಕಿಗೆ ಬೇರೆಬೇರೆ ಸ್ವಭಾವವುಂಟು. ಬೈಂದೂರು ತಾಲೂಕಿನ ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಕಡಲನ್ನು ಮುಟ್ಟುವಷ್ಟು ಹತ್ತಿರ ಬಂದ ನದಿಯು ಮತ್ತೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಗೆ ಹೋಗುವುದು. ಬೆಳಗ್ಗೆ ನದಿಯು ಕನ್ನಡಿ, ಕಡಲು ಕಪ್ಪು. ಸಂಜೆ ಕಡಲು ಉರಿ, ನದಿಯು ನೆರಳು. ಒಂದೇ ಮುಕ್ಕಾಲಿಯನ್ನು ಕದಲಿಸದೆ, ಕ್ಯಾಮರಾವನ್ನು ಮಾತ್ರ ತಿರುಗಿಸಿ, ಎರಡು ಲೋಕಗಳನ್ನು ನೋಡಬಹುದು. ಬೈಂದೂರಿನ ಒತ್ತಿನೆಣೆಯ ಗುಡ್ಡದ ಮೇಲೆ ನಿಂತರೆ ಕಡಲ ತಡಿಯ ವಕ್ರರೇಖೆಯೂ ಹಿಂದಿನ ಘಟ್ಟದ ಸಾಲೂ ಒಟ್ಟಿಗೆ ಸಿಗುವುವು. ಮೂರು ಕಡೆಯೂ ನೀರಿರುವ ಕುಂದಾಪುರದಲ್ಲಿ ಪಂಚಗಂಗಾವಳಿಯ ಕುದ್ರುಗಳ ನಡುವೆ, ಇಳಿತದ ಹೊತ್ತಿನ ಕೆಸರು ಬೆಳ್ಳಿಯಂತೆ ಹೊಳೆಯುವುದು; ಉಪ್ಪಿನಕುದ್ರುವಿನ ಕಡೆಯ ಕಾಂಡ್ಲಾ ಗಿಡಗಳ ಬೇರುಗಳು ಅದರ ಮೇಲೆ ಅಕ್ಷರಗಳಂತೆ ನಿಲ್ಲುವುವು. ಬ್ರಹ್ಮಾವರ ತಾಲೂಕಿನಲ್ಲಿ ಸೀತಾನದಿಯ ದಡದ ಹಂಗಾರಕಟ್ಟೆ, ಕೋಟದ ಬಯಲು, ಬಾರಕೂರಿನ ಕತ್ತಲೆ ಬಸದಿ. ಹೆಸರೇ ಕತ್ತಲೆಯೆಂದಿರುವ ಆ ಬಸದಿಯ ಮುರಕಲ್ಲಿನ ಅಂಗಳದಲ್ಲಿ ನಿಂತು ನೋಡಿದವನಿಗೆ, ನಮ್ಮ ಹಿಂದಿನವರು ಬೆಳಕನ್ನು ಎಷ್ಟು ಬೇಕೋ ಅಷ್ಟೇ ಒಳಗೆ ಬಿಟ್ಟುಕೊಳ್ಳುತ್ತಿದ್ದರೆಂಬುದು ತಿಳಿಯುವುದು.

ಇಂತಹ ಬೆಳಕನ್ನು ಹಿಡಿಯುವುದು ಸುಲಭವಲ್ಲ. ಬಿಸಿಲಿನ ಮರಳಿಗೂ ಗಾಳಿಮರದ ಬುಡದ ಕತ್ತಲೆಗೂ ಇರುವ ಅಂತರವನ್ನು ಕಣ್ಣು ಹೊಂದಿಸಿಕೊಳ್ಳುವುದು, ಫಿಲ್ಮು ಹೊಂದಿಸಿಕೊಳ್ಳಲಾರದು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಎಂಬಿಬ್ಬರು ೧೯೪೦ರ ಸುಮಾರಿಗೆ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟರು. ಕಡುಕಪ್ಪಿನಿಂದ ಅಚ್ಚಬಿಳುಪಿನವರೆಗೆ ಹನ್ನೊಂದು ಮೆಟ್ಟಿಲುಗಳನ್ನು ಕಲ್ಪಿಸಿ, ಯಾವ ನೆರಳು ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕೆಂಬುದನ್ನು ಚಿತ್ರ ತೆಗೆಯುವ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಬೇಕು. ನೆರಳಿಗೆ ತಕ್ಕಷ್ಟು ಬೆಳಕನ್ನು ಕೊಟ್ಟು, ಬಿಳುಪು ಮಿತಿಮೀರದಂತೆ ಫಿಲ್ಮನ್ನು ಸಂಸ್ಕರಿಸುವ ಕಾಲವನ್ನು ತಗ್ಗಿಸಬೇಕು. ದೂರವೂ ಸಮೀಪವೂ ಸ್ಪಷ್ಟವಾಗಲೆಂದು ಮಸೂರದ ಕಿಂಡಿಯನ್ನು ಬಹಳ ಕಿರಿದು ಮಾಡುವುದರಿಂದ, ಮುಸ್ಸಂಜೆಯಲ್ಲಿ ಹಲವು ಸೆಕೆಂಡುಗಳ ಕಾಲ ಕ್ಯಾಮರಾ ತೆರೆದೇ ಇರಬೇಕಾಗುವುದು. ಆಗ ತೆರೆಗಳು ಮಂಜಾಗುವುವು, ತೆಂಗಿನ ಗರಿಗಳು ಅಳಿಸಿಹೋಗುವುವು. ಕದಲದ ಕಲ್ಲು ಮಾತ್ರ ಉಳಿಯುವುದು. ಇದರ ಮೇಲೆ, ಒಂದು ಸೆಕೆಂಡಿಗಿಂತ ದೀರ್ಘವಾದ ಕಾಲದಲ್ಲಿ ಫಿಲ್ಮಿನ ಗ್ರಹಣಶಕ್ತಿಯೇ ಕುಗ್ಗುವುದರಿಂದ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಕೊಡಬೇಕು. ಟ್ರೈಪನ ಕಾಲದ ಕಾಗದವು ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಬರಿ ಬಿಳಿಯಾಗಿ ಬರುತ್ತಿತ್ತು. ಅವನು ಕೆಲವು ನೆಗೆಟಿವುಗಳ ಮೇಲೆ ಕೈಯಿಂದಲೇ ಮೋಡಗಳನ್ನು ಬರೆದನು. ಇಂದಿನ ಫಿಲ್ಮು ಎಲ್ಲ ಬಣ್ಣಗಳನ್ನೂ ಬಲ್ಲುದು; ಮಸೂರದ ಮುಂದೆ ಹಳದಿ ಗಾಜೊಂದನ್ನಿಟ್ಟರೆ ನಮ್ಮ ಮುಂಗಾರಿನ ಮೋಡವು ತನ್ನ ನಿಜರೂಪದಲ್ಲಿಯೇ ಮೂಡುವುದು.

ಸೀಮೆಯ ಹವೆಯೂ ಒಂದು ವಿಘ್ನವು. ಉಪ್ಪುಗಾಳಿಯು ಲೋಹವನ್ನು ತಿನ್ನುವುದು. ಮಳೆಗಾಲದ ತೇವವು ಮಸೂರಕ್ಕೂ ಫಿಲ್ಮಿಗೂ ಬೂಸು ಹಿಡಿಸುವುದು. ಫಿಲ್ಮನ್ನು ಸಂಸ್ಕರಿಸುವ ದ್ರಾವಣವು ೨೦ ಅಂಶ ಸೆಂಟಿಗ್ರೇಡಿನಲ್ಲಿರಬೇಕೆಂದು ಕ್ರಮ. ನಮ್ಮ ಬೇಸಗೆಯ ನೀರು ಅದಕ್ಕಿಂತ ಎಷ್ಟೋ ಬೆಚ್ಚಗಿರುವುದರಿಂದ ಮಂಜುಗಡ್ಡೆಯಿಂದ ತಂಪು ಮಾಡಿಕೊಳ್ಳಬೇಕು. ಆದರೆ ಇವು ದಾಟಲಾಗದ ವಿಘ್ನಗಳಲ್ಲ. ಇದೇ ಕಡಲ ತಡಿಯಲ್ಲಿ ದಕ್ಷಿಣಕ್ಕಿರುವ ಆಲಪ್ಪುಳದಲ್ಲಿ ಕರುಣಾಕರನ್ ಎಂಬವರು ‘ವಾಗೀಶ್ವರಿ’ ಎಂಬ ಮರದ ದೊಡ್ಡ ಕ್ಯಾಮರಾಗಳನ್ನು ೧೯೪೦ರ ದಶಕದಿಂದ ಹಲವು ದಶಕಗಳ ಕಾಲ ತಯಾರಿಸಿದರು. ಅವರ ಮನೆತನವು ಹಾರ್ಮೋನಿಯಂ ಕೆಲಸದಲ್ಲಿ ಪಳಗಿದುದು. ಹಾರ್ಮೋನಿಯಮ್ಮಿನ ತಿದಿಯನ್ನು ಬಲ್ಲ ಕೈಗಳಿಗೆ ಕ್ಯಾಮರಾದ ತಿದಿಯು ಕಷ್ಟವಾಗಲಿಲ್ಲ. ತೇಗದ ಮರದ ಆ ಪೆಟ್ಟಿಗೆಗಳು ನಾಡಿನ ಎಷ್ಟೋ ಸ್ಟುಡಿಯೋಗಳಲ್ಲಿ ದುಡಿದುವು. ಸ್ವದೇಶಿಯೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಫಿಲ್ಮಿನ ವಿಷಯದಲ್ಲಿ ಮಾತ್ರ ನಮ್ಮ ಸ್ಥಿತಿಯು ಹೆಮ್ಮೆಪಡುವಂತಹುದಲ್ಲ. ೧೯೬೦ರಲ್ಲಿ ಉದಕಮಂಡಲದಲ್ಲಿ ಸರಕಾರವೇ ಸ್ಥಾಪಿಸಿದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ಈಗ ಮುಚ್ಚಿಹೋಗಿದೆ. ಇಂದು ಹಾಳೆ ಫಿಲ್ಮು ಬೇಕಾದರೆ ಇಂಗ್ಲೆಂಡ್, ಅಮೆರಿಕ, ಚೆಕ್ ದೇಶಗಳಿಂದ ತರಿಸಬೇಕು, ಬೆಲೆಯೂ ಹೆಚ್ಚು. ಆಸ್ಪತ್ರೆಗಳ ಕ್ಷಕಿರಣ ಫಿಲ್ಮನ್ನು ಕತ್ತರಿಸಿ ಬಳಸುವ ಅಗ್ಗದ ದಾರಿಯೊಂದುಂಟು. ಅದು ಕೆಂಪು ಬಣ್ಣವನ್ನು ಕಾಣದು. ಕೆಂಪು ದೀಪದ ಮಬ್ಬಿನಲ್ಲಿಯೇ ಅದನ್ನು ಸಂಸ್ಕರಿಸಬಹುದಾದುದರಿಂದ ಕಲಿಯುವವರಿಗೆ ಅನುಕೂಲವೂ ಹೌದು.

ಇಲ್ಲಿ ಇಬ್ಬರು ಆಕ್ಷೇಪಕರು ಎದ್ದು ನಿಲ್ಲುವುದನ್ನು ನಾವು ಬಲ್ಲೆವು. ಮೊದಲನೆಯವರು ಹೇಳುವುದೇನೆಂದರೆ: ಪ್ರತಿಯೊಬ್ಬನ ಕೈಯಲ್ಲಿಯೂ ಚಿತ್ರ ತೆಗೆಯುವ ಮೊಬೈಲು ಇರುವಾಗ ಈ ಹಳೆಯ ಪೆಟ್ಟಿಗೆಯನ್ನು ಹೊರುವುದೇಕೆ? ಮೊಬೈಲಿನ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಮರವಂತೆಯ ಸೂರ್ಯಾಸ್ತದ ಚಿತ್ರಗಳು ದಿನಕ್ಕೆ ನೂರಾರು ಹುಟ್ಟುತ್ತಿರಬಹುದು. ಆದರೆ ಅವುಗಳಲ್ಲಿ ಬಹುಪಾಲು ಒಂದೇ ಗಳಿಗೆಯವು, ಒಂದೇ ದಿಕ್ಕಿನವು, ಮುಂದೆ ನಿಂತವರ ಮುಖದವು. ಹತ್ತು ವರ್ಷಗಳ ಹಿಂದಿನ ಮೊಬೈಲಿನ ಚಿತ್ರಗಳು ಎಲ್ಲಿವೆಯೆಂದು ವಾಚಕರು ತಮ್ಮ ಮನೆಯಲ್ಲಿಯೇ ವಿಚಾರಿಸಿ ನೋಡಲಿ. ಟ್ರೈಪ್ ಗ್ರೀನ್‌ಲಾರ ನೆಗೆಟಿವುಗಳಾದರೋ ಬರಿಯ ಕಾಗದದವುಗಳಾಗಿದ್ದೂ ನೂರರುವತ್ತಕ್ಕೂ ಮಿಕ್ಕ ವರ್ಷಗಳ ಮೇಲೆ ಉಳಿದಿವೆ. ಅವನ್ನು ಓದುವುದಕ್ಕೆ ಯಾವ ಯಂತ್ರವೂ ಬೇಡ, ಕಿಟಕಿಯ ಬೆಳಕು ಸಾಕು. ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ಹಾಳೆಯೊಂದಕ್ಕೆ ಬೆಲೆಯಿರುವುದರಿಂದ ದೊಡ್ಡ ಪೆಟ್ಟಿಗೆಯವನು ಒಂದು ಬೆಳಗ್ಗೆಗೆ ನಾಲ್ಕು ಚಿತ್ರಗಳಿಗಿಂತ ಹೆಚ್ಚು ತೆಗೆಯಲಾರನು. ಆದುದರಿಂದ ತೆಗೆಯುವ ಮೊದಲು ನೋಡುವನು. ಯಾರ ಗದ್ದೆಯೆಂದು ಕೇಳುವನು, ಅಂಚಿನ ಮೇಲೆ ನಿಲ್ಲಲು ಅಪ್ಪಣೆ ಪಡೆಯುವನು, ಬೆಳಕು ಬರುವವರೆಗೆ ಗದ್ದೆಯ ಯಜಮಾನನೊಡನೆ ಮಾತನಾಡುವನು. ಬೇಕಾದರೆ ಆ ಯಜಮಾನನೂ ಕರಿಬಟ್ಟೆಯೊಳಗೆ ತಲೆಯಿಟ್ಟು ತನ್ನ ಬೈಲನ್ನು ಮಬ್ಬುಗಾಜಿನಲ್ಲಿ ನೋಡಬಹುದು. ಊರನ್ನು ಅರಿಯದೆ ಊರಿನ ಚಿತ್ರ ತೆಗೆಯುವ ದಾರಿಯನ್ನು ಈ ಕ್ಯಾಮರಾ ಮುಚ್ಚಿಬಿಡುವುದು.

ಎರಡನೆಯ ಆಕ್ಷೇಪಕರು ಇದು ದುಂದುವೆಚ್ಚವೆನ್ನುವರು. ಈ ಆಕ್ಷೇಪಕ್ಕೆ ಒಳ್ಳೆಯ ಪೂರ್ವಜನೊಬ್ಬನಿದ್ದಾನೆ. ೧೮೫೯ರಲ್ಲಿ ಮದರಾಸಿನ ಗವರ್ನರನಾಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್, ಸರಕಾರದ ಹಣಕಾಸಿನ ಸ್ಥಿತಿಗೆ ಛಾಯಾಚಿತ್ರವೆಂಬುದು ಭೋಗದ ವಸ್ತುವೆಂದು ಹೇಳಿ ಟ್ರೈಪನ ಕೆಲಸವನ್ನೇ ನಿಲ್ಲಿಸಿಬಿಟ್ಟನು. ಆಗ ನಮ್ಮ ಜಿಲ್ಲೆಯೂ ಅದೇ ಪ್ರಾಂತಕ್ಕೆ ಸೇರಿತ್ತು. ಉಳಿಸಿದ ಹಣವು ಎಲ್ಲಿ ಹೋಯಿತೆಂದು ಇಂದು ಯಾರೂ ಕೇಳುವುದಿಲ್ಲ. ತೆಗೆಯದೆ ಉಳಿದ ಚಿತ್ರಗಳನ್ನು ಮಾತ್ರ ಇನ್ನಾರೂ ತೆಗೆಯಲಾರರು. ಪರಕೀಯ ಗವರ್ನರನು ಮಾಡಿದ ಲೆಕ್ಕವನ್ನೇ ಸ್ವತಂತ್ರ ನಾಡಿನ ನಾವೂ ಮಾಡಬೇಕೆ ಎಂಬುದೊಂದೇ ನಮ್ಮ ಪ್ರಶ್ನೆ.

ಅವಸರವೇನೆಂದು ಕೇಳಬಹುದು. ೧೯೯೦ರ ದಶಕದಲ್ಲಿ ಕೊಂಕಣ ರೈಲ್ವೆಯು ಈ ಮೂರು ತಾಲೂಕುಗಳನ್ನೂ ಸೀಳಿಕೊಂಡು ಹೋಯಿತು. ಆ ಬಳಿಕ ಹೆದ್ದಾರಿಯು ಚತುಷ್ಪಥವಾಗುವಾಗ ದಾರಿಯ ಬದಿಯ ಹಳೆಯ ಮರಗಳು ಉರುಳಿದುವು. ಕಡಲಕೊರೆತವನ್ನು ತಡೆಯಲು ಮರಳಿನ ಮೇಲೆ ಬಂಡೆಗಳ ಸಾಲು ಬಿದ್ದಿದೆ. ಇವುಗಳಲ್ಲಿ ಹಲವು ಅವಶ್ಯಕವಾದುವೆಂಬುದನ್ನು ನಾವು ಒಪ್ಪುವೆವು. ರೈಲು ಬಂದುದರಿಂದ ನಮ್ಮ ಜನಕ್ಕೆ ಉಪಕಾರವಾಗಿದೆ. ಇವೆಲ್ಲಕ್ಕಿಂತ ಸದ್ದಿಲ್ಲದೆ ನಡೆಯುತ್ತಿರುವ ಬದಲಾವಣೆಯು ಗದ್ದೆಗಳದು. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಿಗೆ ಹೋಗಿ, ಕೂಲಿಗೆ ಆಳು ದೊರೆಯದೆ, ಬೆಟ್ಟು ಗದ್ದೆ ಮೊದಲು, ಮಜಲು ಆಮೇಲೆ, ಕೊನೆಗೆ ಬೈಲೂ ಹಡಿಲು ಬೀಳುವುದು. ಕೆಲವು ತೋಟವಾದುವು, ಕೆಲವಕ್ಕೆ ಕೆಂಪು ಮಣ್ಣು ತುಂಬಿ ಮನೆಗಳೆದ್ದುವು. ಹಡಿಲು ಬಿದ್ದ ಗದ್ದೆಗಳನ್ನು ಮತ್ತೆ ಬೇಸಾಯಕ್ಕೆ ತರಲು ೨೦೨೧ರಲ್ಲಿ ಉಡುಪಿಯ ಸುತ್ತಮುತ್ತ ಒಂದು ದೊಡ್ಡ ಪ್ರಯತ್ನವೇ ನಡೆಯಬೇಕಾಯಿತು. ಗದ್ದೆಯಲ್ಲಿ ನೀರು ನಿಲ್ಲದ ಮೇಲೆ ಆಕಾಶವು ಅದರಲ್ಲಿ ಬೀಳುವುದೆಲ್ಲಿಂದ? ಸಾವಿರ ಕನ್ನಡಿಗಳು ಒಡೆದಂತೆ ಆ ಬೆಳಕೂ ಹೋಗುವುದು. ಚಿತ್ರವು ಗದ್ದೆಯನ್ನು ಉಳಿಸಲಾರದೆಂಬುದನ್ನು ನಾವು ಬಲ್ಲೆವು. ಏನು ಹೋಗುತ್ತಿದೆಯೆಂಬ ತಿಳಿವಳಿಕೆಯನ್ನು ಮಾತ್ರ ಅದು ಕೊಡಬಲ್ಲುದು. ಆ ತಿಳಿವಳಿಕೆಯಿಲ್ಲದೆ ಯಾವ ಉಳಿಸುವ ಕೆಲಸವೂ ಆರಂಭವಾಗದು.

ಆದುದರಿಂದ ನಮ್ಮ ಸೂಚನೆಯು ಇಷ್ಟು. ಒಂದೊಂದು ತಾಲೂಕಿನಲ್ಲಿ ಹನ್ನೆರಡು ಸ್ಥಳಗಳಂತೆ ಮೂವತ್ತಾರು ಸ್ಥಳಗಳನ್ನು ಆರಿಸಬೇಕು. ಬರಿಯ ಸುಂದರ ಸ್ಥಳಗಳು ಸಾಲವು. ಒಂದು ಸಾಮಾನ್ಯ ಬೈಲು, ಒಂದು ಕಡವು, ಒಂದು ಹಾಡಿಯ ಅಂಚು, ಒಂದು ತೋಡಿನ ಕಟ್ಟ, ಹಡಿಲು ಬಿದ್ದ ಒಂದು ಗದ್ದೆ, ಇವೂ ಇರಬೇಕು. ಪ್ರತಿ ಸ್ಥಳದಲ್ಲಿ ಮುಕ್ಕಾಲಿಯನ್ನು ನಿಲ್ಲಿಸುವ ಎಡೆಯನ್ನು ಒಂದು ಕಲ್ಲಿನಿಂದ ಗುರುತು ಮಾಡಿ, ನಟ್ಟಿ, ಕೊಯ್ಲು, ಮಾಗಿ, ಬೇಸಗೆ ಎಂದು ವರ್ಷಕ್ಕೆ ನಾಲ್ಕು ಸಲ, ಅದೇ ಮಸೂರದಿಂದ, ಅದೇ ದಿಕ್ಕಿಗೆ, ಅದೇ ಹೊತ್ತಿಗೆ ಚಿತ್ರ ತೆಗೆಯಬೇಕು. ವರ್ಷಕ್ಕೆ ೧೪೪ ಹಾಳೆಗಳು. ಹತ್ತು ವರ್ಷಗಳಿಗೆ ೧೪೪೦. ಒಂದು ಜಿಲ್ಲೆಗೆ ಇದು ಭಾರವಾದ ವೆಚ್ಚವಲ್ಲ. ೧೯೬೩ರಲ್ಲಿ ಸ್ಥಾಪಿತವಾದ ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಂತಹ ವಿದ್ಯಾಸಂಸ್ಥೆಗಳ ತರುಣರು ಈ ವಿದ್ಯೆಯನ್ನು ಕಲಿಯಲಿ. ಕೋಟತಟ್ಟಿನಲ್ಲಿ ಕಾರಂತರ ಹೆಸರಿನಲ್ಲಿರುವ ಥೀಮ್ ಪಾರ್ಕಿನಲ್ಲಿ ಚಿತ್ರಗಳ ಪ್ರದರ್ಶನವಾಗಲಿ. ನೆಗೆಟಿವುಗಳನ್ನು ತೇವವಿಲ್ಲದ ತಂಪಾದ ಕೋಣೆಯಲ್ಲಿಟ್ಟು, ಅವುಗಳ ಪ್ರತಿಗಳನ್ನು ಆಯಾ ಗ್ರಾಮದ ಪಂಚಾಯತಿಯಲ್ಲಿ ತೂಗುಹಾಕಲಿ. ಗದ್ದೆಯ ಯಜಮಾನನು ತನ್ನ ಗದ್ದೆಯನ್ನು ಅಲ್ಲಿ ಕಂಡರೆ ಅದೇ ಆ ಚಿತ್ರದ ಸಾರ್ಥಕ್ಯವು.

ಕಚೇರಿಗಳಲ್ಲಿರುವ ನಮ್ಮ ವಾಚಕರಲ್ಲಿ ಕೊನೆಯದಾಗಿ ಒಂದು ಬಿನ್ನಹ. ಪ್ರತಿ ಚಿತ್ರದ ಹಿಂದೆ ಸರ್ವೆ ನಂಬರನ್ನೂ, ತಿಂಗಳು, ತೇದಿ, ಹೊತ್ತುಗಳನ್ನೂ ಬರೆಯಿಸಿರಿ. ಮುಂದೆ ಎಂದಾದರೂ ಒಬ್ಬ ಹುಡುಗಿಯೋ ಹುಡುಗನೋ ತನ್ನ ಅಜ್ಜನ ನೆಲದ ಕಡತವನ್ನು ಕೇಳಿಕೊಂಡು ಬಂದಾಗ, ಎಷ್ಟು ಸೆಂಟ್ಸು, ಎಷ್ಟು ತೀರ್ವೆ ಎಂಬ ಲೆಕ್ಕದೊಡನೆ, ಆ ನೆಲವು ಬೆಳಗಿನ ಬಿಸಿಲಿನಲ್ಲಿ ಹೇಗಿತ್ತೆಂಬುದನ್ನೂ ಮೇಜಿನ ಮೇಲಿಟ್ಟು ತೋರಿಸುವಂತಾಗಲಿ. ಮುಂಗಾರು ಬರುವುದಕ್ಕೆ ಮೊದಲೇ ಈ ಕೆಲಸಕ್ಕೆ ಕೈಹಾಕಿದರೆ ಮೊದಲನೆಯ ನಟ್ಟಿಯ ನೀರು ನಮಗೆ ತಪ್ಪದು.